ಸಾತವ್ವನ ಹೆಪ್ಪು

"ಬುದ್ಧಿ, ಹಗೆಯಿಂದ ಕೊಂದವನನ್ನೂ ಹೆದರಿ ಕೊಂದವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೇ?" ಎಂದು ಕೊಟ್ರಯ್ಯ ಕೇಳಿದ.

ಕೇಳುವಾಗ ಅವನು ಗುರುಗಳ ಮುಖ ನೋಡಲಿಲ್ಲ. ಅದಕ್ಕೆ ಕಾರಣವಿತ್ತು. ಅವನ ಊರಿನಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಒಂಟಿಯಾಗಿ ಬದುಕಿದ್ದ ಮುದುಕಿಯೊಬ್ಬಳನ್ನು ಮಾಟಗಾತಿಯೆಂದು ಹೊಡೆದು ಕೊಂದಿದ್ದರು. ಕೊಂದವನು ಕೊಟ್ರಯ್ಯನ ಸೋದರಮಾವ. ಅಪರಾಧ ಸಾಬೀತಾಗಿತ್ತು, ಶಿಕ್ಷೆ ಎಷ್ಟು ಎಂಬುದಷ್ಟೇ ಉಳಿದಿತ್ತು. ಮನುಷ್ಯ ಕೆಟ್ಟವನಲ್ಲ, ನಂಬಿಕೆಯ ಭರದಲ್ಲಿ ಹೀಗಾಯಿತು ಎಂದು ಗುರುಗಳು ನ್ಯಾಯಾಲಯಕ್ಕೆ ಒಂದು ಮಾತು ಬರೆದುಕೊಟ್ಟರೆ ಶಿಕ್ಷೆ ಇಳಿದೀತು ಎಂದು ಮನೆಯವರೆಲ್ಲ ಆಸೆ ಇಟ್ಟುಕೊಂಡಿದ್ದರು. ಹೊರಡುವಾಗ ತಾಯಿ ಗುರುಗಳಿಗೆಂದು ಮೊಸರನ್ನದ ಬುತ್ತಿ ಕಟ್ಟಿಕೊಟ್ಟಿದ್ದಳು.

ಗುರುಗಳು ಬುತ್ತಿಯನ್ನು ಪಕ್ಕದಲ್ಲಿ ಇಡಿಸಿಕೊಂಡರು. ಗಂಟು ಬಿಚ್ಚಲಿಲ್ಲ. ತಮ್ಮಾ, ಒಂದು ಕತೆಯಿದೆ, ಅದನ್ನು ಕೇಳು, ಬರೆಯುವ ಮಾತು ಆಮೇಲೆ ಆಡೋಣ ಎಂದು ಹೇಳಿ ಶುರುಮಾಡಿದರು.

ಒಂದು ರಾಜ್ಯದಲ್ಲಿ ಒಬ್ಬ ನ್ಯಾಯಾಧಿಕಾರಿಯಿದ್ದ. ಮೆತ್ತಗಿನ ಮನುಷ್ಯ. ನೇಣಿನ ತೀರ್ಪು ಹೇಳಿದ ದಿನ ಅವನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಇಂಥವನಿಗೆ ಆ ಕೆಲಸವನ್ನು ಯಾಕೆ ಕೊಟ್ಟರೋ, ಕೊಟ್ಟವರನ್ನೇ ಕೇಳಬೇಕು. ಆ ರಾಜ್ಯದ ಕಟ್ಟಳೆಯ ಪ್ರಕಾರ ಆಸೆಗೋ ಹಗೆಗೋ ಕೊಂದವನಿಗೆ ನೇಣು. ತನ್ನ ಜೀವಕ್ಕೋ ತನ್ನವರ ಜೀವಕ್ಕೋ ಹೆದರಿ ಕೊಂದವನಿಗೆ ಜೀವ ಉಳಿಯುತ್ತಿತ್ತು, ಆದರೆ ಕೆಲವು ವರ್ಷ ಕಲ್ಲುಗಣಿಯಲ್ಲಿ ದುಡಿಯಬೇಕಾಗಿತ್ತು. ಇನ್ನೊಂದು ಪದ್ಧತಿಯೂ ಇತ್ತು. ತೀರ್ಪು ಹೇಳುವ ಮುಂಚೆ ನ್ಯಾಯಾಧಿಕಾರಿ ಸತ್ತವರ ಮನೆಯ ಹೊಸ್ತಿಲನ್ನೂ ಕೊಂದವರ ಮನೆಯ ಹೊಸ್ತಿಲನ್ನೂ ತಾನೇ ತುಳಿದು ಬರಬೇಕು. ಬಹಳ ಜನ ನ್ಯಾಯಾಧಿಕಾರಿಗಳು ಇದನ್ನು ಶಾಸ್ತ್ರಕ್ಕೆಂದು ಮಾಡಿ ಮುಗಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಒಬ್ಬ ರೈತನನ್ನು ಅವನ ಮುಂದೆ ತಂದು ನಿಲ್ಲಿಸಿದರು. ರೈತನ ಹಿರಿಯ ಮಗ ಜ್ವರದಿಂದ ಸತ್ತಿದ್ದ. ಆ ಕಣ್ಣೀರು ಆರುವ ಮೊದಲೇ ಕಿರಿಯ ಮಗುವಿನ ಮೈ ಸುಡತೊಡಗಿತು. ಕಣಿ ಹೇಳುವವನೊಬ್ಬ ಬಂದು, ಮೂಡಲ ದಿಕ್ಕಿನ ಮನೆಯಿಂದ ಮಾಟ ಆಗಿದೆ ಎಂದು ಹೇಳಿ ಹೋದ. ರೈತನ ಮನೆಯ ಮೂಡಲಿಗೆ ಒಬ್ಬ ವಿಧವೆ ಇದ್ದಳು. ಅವಳ ಹೆಸರು ಸಾತವ್ವ. ಹಿಂದಿಲ್ಲ, ಮುಂದಿಲ್ಲ, ಒಂದು ಆಕಳು ಬಿಟ್ಟರೆ ತನ್ನದು ಎನ್ನುವುದು ಏನೂ ಇಲ್ಲ. ರೈತ ಹಾಡಹಗಲಲ್ಲಿ ಕೊಡಲಿ ಹಿಡಿದು ಅವಳ ಮನೆಗೆ ನಡೆದ. ಓಣಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಸಾತವ್ವ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿದಳು. ಒಬ್ಬರೂ ಹೊಸ್ತಿಲಿಂದ ಈಚೆ ಬರಲಿಲ್ಲ.

ರೈತ ಏನನ್ನೂ ಮುಚ್ಚಿಡಲಿಲ್ಲ. "ಹೆಂಗಸನ್ನು ಕೊಲ್ಲಲಿಲ್ಲ ಸ್ವಾಮಿ, ನನ್ನ ಮಕ್ಕಳನ್ನು ತಿನ್ನುತ್ತಿದ್ದ ಪಿಶಾಚಿಯನ್ನು ಕೊಂದೆ" ಎಂದ. ಕಿರಿಯ ಮಗುವಿನ ಜ್ವರ ಬಿಟ್ಟು ಅದು ಬದುಕಿಕೊಂಡಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕು ಎಂದು ಕೇಳಿದ. ಓಣಿಯವರು ಬಂದು ಒಂದೇ ಬಾಯಲ್ಲಿ ಸಾಕ್ಷಿ ನುಡಿದರು. ಅವಳು ಅಂಥವಳೇ, ನಾವೆಲ್ಲ ಅವಳಿಗೆ ಹೆದರಿ ಸಾಯುತ್ತಿದ್ದೆವು, ಅವಳ ನೆರಳು ಸೋಕದ ಹಾಗೆ ಮಕ್ಕಳನ್ನು ಬಚ್ಚಿಡುತ್ತಿದ್ದೆವು ಎಂದರು.

ನ್ಯಾಯಾಧಿಕಾರಿಯ ಕರುಳು ಚುರ್ ಎಂದಿತು. ಅವನೂ ಒಂದು ಮಗುವನ್ನು ಮಣ್ಣು ಮಾಡಿದವನೇ. ಆಮೇಲೆ ಬಹಳ ಕಾಲ ಅವನು ಬಂದವರ ಹೋದವರ ಮುಖವನ್ನೆಲ್ಲ ನೋಡಿ, ಯಾರ ಕಣ್ಣು ತಾಗಿತೋ, ಯಾರ ಬಾಯಿ ತಾಗಿತೋ ಎಂದು ಹುಡುಕಿದ್ದ. ತಾನೂ ಹೀಗೆ ಕೊಡಲಿ ಎತ್ತಬಹುದಾಗಿತ್ತು ಎಂದು ಅವನಿಗೆ ಒಳಗೇ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಪಾಪ, ತಂದೆಯಾದವನು ಹೆದರಿದ್ದಾನೆ, ಕಲ್ಲುಗಣಿಯೇ ಸಾಕು ಎಂದು ಮನಸ್ಸಿನಲ್ಲಿ ತೀರ್ಪು ಬರೆದಿಟ್ಟ. ಹೊಸ್ತಿಲು ತುಳಿಯುವ ಶಾಸ್ತ್ರವೊಂದು ಬಾಕಿಯಿತ್ತು. ಮರುದಿನ ಹೊರಟ.

ಮೊದಲು ಸಾತವ್ವನ ಮನೆ. ಅಳುವವರು ಯಾರೂ ಇರಲಿಲ್ಲ. ಒಲೆ ತಣ್ಣಗಿತ್ತು, ಕಂಬಕ್ಕೆ ಕಡಗೋಲು ಒರಗಿತ್ತು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಸಣ್ಣ ಸಣ್ಣ ಬಟ್ಟಲುಗಳು ಸಾಲಾಗಿ ಕುಳಿತಿದ್ದವು. ಹಿತ್ತಾಳೆಯವು, ಮಣ್ಣಿನವು, ಒಂದು ತೆಂಗಿನ ಚಿಪ್ಪು. ಒಂದಕ್ಕೊಂದು ಹೋಲಿಕೆಯಿಲ್ಲ. ಎಲ್ಲದರ ತಳದಲ್ಲೂ ಏನೋ ಬೆಳ್ಳಗೆ ಒಣಗಿ ಅಂಟಿಕೊಂಡಿತ್ತು. ಇವು ಯಾರವು ಎಂದು ಜೊತೆಗೆ ಬಂದಿದ್ದ ಊರ ತಳವಾರನನ್ನು ಕೇಳಿದರೆ, ಓಣಿಯವರದು ಇರಬೇಕು ಎಂದ. ನ್ಯಾಯಾಧಿಕಾರಿ ಅದರ ಗೋಜಿಗೆ ಹೋಗಲಿಲ್ಲ.

ಅಲ್ಲಿಂದ ರೈತನ ಮನೆಗೆ ಬಂದ. ನೆತ್ತಿ ಸುಡುವ ಬಿಸಿಲು. ಬಂದವರು ಯಾರೇ ಆಗಲಿ, ಬಾಯಾರಿ ಬಂದಿದ್ದಾರೆ. ರೈತನ ಹೆಂಡತಿ ಒಂದು ಚೊಂಬು ಮಜ್ಜಿಗೆ ತಂದಿಟ್ಟಳು. ಬದುಕಿ ಉಳಿದ ಮಗು ಅವಳ ಸೆರಗು ಹಿಡಿದು ನಿಂತಿತ್ತು. ನ್ಯಾಯಾಧಿಕಾರಿ ಕುಡಿದ. ಜೀವ ತಂಪಾಯಿತು. ಏನಾದರೂ ಒಂದು ಒಳ್ಳೆಯ ಮಾತಾಡಬೇಕಲ್ಲ ಎಂದು, ಈ ಸೆಕೆಯಲ್ಲಿ ನಮ್ಮ ಮನೆಯ ಮೊಸರು ಬರೀ ಲೋಳೆಯಾಗುತ್ತದೆ, ನಿಮ್ಮದು ಹೇಗೆ ಇಷ್ಟು ಚೆನ್ನಾಗಿದೆ ತಾಯಿ, ಹೆಪ್ಪು ಎಲ್ಲಿಯದು ಎಂದು ಕೇಳಿದ.

"ಸಾತವ್ವನ ಮನೆಯದು ಸ್ವಾಮಿ" ಎಂದಳು ಆಕೆ. "ಬೇಸಿಗೆ ಬಂತೆಂದರೆ ಈ ಓಣಿಗೆಲ್ಲ ಅವಳದೇ ಹೆಪ್ಪು."

ಹೇಳಿದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ನ್ಯಾಯಾಧಿಕಾರಿ ಚೊಂಬನ್ನು ಮೆಲ್ಲಗೆ ಕೆಳಗಿಟ್ಟ. ಬಿಡಿಸಿ ಬಿಡಿಸಿ ಕೇಳಿದ. ಆಕೆ ಸುಳ್ಳು ಹೇಳಲು ಬರದವಳು, ಎಲ್ಲವನ್ನೂ ಹೇಳಿದಳು. ಬೆಳಗ್ಗೆ ಓಣಿಯ ಹೆಂಗಸರು ಸಾತವ್ವನ ಕಟ್ಟೆಯ ಮೇಲೆ ಬಟ್ಟಲು ಇಟ್ಟುಬರುತ್ತಿದ್ದರು. ಅವಳು ಆಕಳ ಕೆಲಸ ಮುಗಿಸಿ ಪ್ರತಿಯೊಂದಕ್ಕೂ ಒಂದಿಷ್ಟು ಹೆಪ್ಪು ಹಾಕಿ ಇಡುತ್ತಿದ್ದಳು. ಬೇಕಾದವರು ಬಂದು ಒಯ್ಯುತ್ತಿದ್ದರು. ಅವಳು ಸತ್ತ ದಿನವೂ ಎಲ್ಲರೂ ಇಟ್ಟುಬಂದಿದ್ದರು. ಈಕೆಯೂ ಇಟ್ಟಿದ್ದಳು. ಈಗ ಮನೆಯಲ್ಲಿರುವುದು ಅದರ ಹಿಂದಿನ ದಿನ ತಂದ ಹೆಪ್ಪಿನಿಂದ ಮುಂದುವರಿದ ಮೊಸರು. ಮಗು ಜ್ವರದಲ್ಲಿ ಮಲಗಿದಾಗ ಏನು ತಿನ್ನುತ್ತಿತ್ತು ಎಂದು ನ್ಯಾಯಾಧಿಕಾರಿ ಕೊನೆಗೆ ಕೇಳಿದ. ಬೇರೇನೂ ಸೇರುತ್ತಿರಲಿಲ್ಲ, ಇದೇ ಮಜ್ಜಿಗೆಯಲ್ಲಿ ಅನ್ನ ಕಿವುಚಿ ತಿನ್ನಿಸುತ್ತಿದ್ದೆವು, ಅವರಪ್ಪನೇ ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸುತ್ತಿದ್ದ ಎಂದಳು.

ಮಾಟಗಾತಿ ಮದ್ದು ಇಡುವುದು ಅನ್ನದಲ್ಲಿ, ಹಾಲು ಮೊಸರಿನಲ್ಲಿ ಎಂದು ನಂಬುವವರು ಹಾದಿಬೀದಿಯಲ್ಲೆಲ್ಲ ಹೇಳುತ್ತಾರೆ. ಅಂಥವರ ಮನೆಯ ನೀರನ್ನೂ ಮುಟ್ಟಬೇಡ ಎಂದು ಮಕ್ಕಳಿಗೆ ಕಲಿಸುತ್ತಾರೆ. ನ್ಯಾಯಾಧಿಕಾರಿ ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತ ಹೋದ. ತಾನು ಮನಸ್ಸಿನಲ್ಲಿ ಬರೆದಿಟ್ಟ ತೀರ್ಪು ಎಷ್ಟು ಹಗುರ ಎಂದು ಅವನಿಗೆ ಭಯವಾಯಿತು.

ತೀರ್ಪಿನ ದಿನ ಅವನು ಆ ಬಟ್ಟಲುಗಳನ್ನೆಲ್ಲ ತರಿಸಿ ಸಾಕ್ಷಿ ಹೇಳಿದವರ ಮುಂದೆ ಇಡಿಸಿದ. ನಿಮ್ಮ ನಿಮ್ಮದನ್ನು ನೀವು ತೆಗೆದುಕೊಂಡು ಹೋಗಿ ಎಂದ. ಒಂದು ಕೈಯೂ ಮುಂದೆ ಬರಲಿಲ್ಲ. ದಿನಾ ಬೆಳಗಾದರೆ ತೊಳೆದ ಬಟ್ಟಲು, ಯಾರಿಗೂ ಗುರುತು ಹತ್ತಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇನ್ನು ಬೇರೆಯೇ?

ಆಮೇಲೆ ಅವನು ರೈತನ ಕಡೆ ತಿರುಗಿದ. ನಿನ್ನ ಮಗುವನ್ನು ತಿನ್ನುತ್ತಿದ್ದವಳ ಕೈಯ ಹೆಪ್ಪನ್ನು ಆ ಮಗುವಿನ ಬಾಯಿಗೆ ಹೇಗೆ ಇಟ್ಟೆಯಪ್ಪಾ ಎಂದು ಕೇಳಿದ.

"ಹೆಪ್ಪಿನ ಮಟ್ಟಿಗೆ ಅವಳ ಕೈ ಒಳ್ಳೆಯದಿತ್ತು, ಸ್ವಾಮಿ" ಎಂದ ರೈತ.

ಮೂಡಲ ದಿಕ್ಕಿನಲ್ಲೇ ಇನ್ನೂ ಮುಂದೆ ಊರ ಗೌಡನ ಮನೆಯಿತ್ತು. ಅಲ್ಲಿಗೆ ಯಾಕೆ ಹೋಗಲಿಲ್ಲ ಎಂದು ನ್ಯಾಯಾಧಿಕಾರಿ ಕೇಳಿದ. ರೈತನಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಗೌಡರ ಮನೆಗೆ ಕೊಡಲಿ ಹಿಡಿದು ಹೋಗಲು ಆಗುತ್ತದೆಯೇ, ಅವರಿಗೆ ಮಕ್ಕಳಿದ್ದಾರೆ, ಆಳುಕಾಳು ಇದ್ದಾರೆ ಎಂದ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಸುಮ್ಮನೆ ಹೇಳುವುದಿಲ್ಲ. ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನ್ನ ಕಿವಿಗೇ ಬಿತ್ತೇನೋ, ರೈತ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ನೀನು ಹೆದರಿದ್ದು ನಿಜ. ಆದರೆ ಅವಳಿಗೆ ಹೆದರಿರಲಿಲ್ಲ, ಕೇಳುವವರಿಲ್ಲದವಳೆಂದು ಕೊಂದೆ" ಎಂದ ನ್ಯಾಯಾಧಿಕಾರಿ. ನೇಣಿನ ತೀರ್ಪು ಹೇಳಿದ. ಬಾಗಿಲಲ್ಲಿ ನಿಂತು ನೋಡಿದವರಿಗೆ ಆ ರಾಜ್ಯದ ಕಟ್ಟಳೆಯಲ್ಲಿ ಶಿಕ್ಷೆಯೇ ಇರಲಿಲ್ಲ. ಅವರು ತಲೆ ತಗ್ಗಿಸಿಕೊಂಡು ಮನೆಗೆ ಹೋದರು. ನನ್ನ ಬಾಯಿಂದಲೇ ನನ್ನ ಗಂಡನ ಕೊರಳಿಗೆ ಹಗ್ಗ ಬಿತ್ತಲ್ಲ ಎಂದು ರೈತನ ಹೆಂಡತಿ ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತಳು. ನ್ಯಾಯಾಧಿಕಾರಿ ಅವತ್ತು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ.

ಆದರೆ ಮಗುವಿಗೆ ಹಸಿವು ತಪ್ಪೀತೇ? ತೀರ್ಪಿನ ದಿನ ಸಂಜೆಯೇ ಆ ಹೆಂಗಸು ಎದ್ದು ಹಾಲು ಕಾಸಿದಳು, ಆರಿಸಿದಳು, ಗಡಿಗೆಯ ತಳದಲ್ಲಿ ಉಳಿದಿದ್ದ ಮೊಸರಿನಿಂದ ಒಂದು ಚಮಚ ತೆಗೆದು ಅದಕ್ಕೆ ಹಾಕಿದಳು. ಓಣಿಯ ಮನೆಮನೆಯಲ್ಲೂ ಹಾಗೆಯೇ ಹಾಕಿದರು. ಬೇರೆ ಹೆಪ್ಪು ಯಾರ ಮನೆಯಲ್ಲೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹಾಗಾದರೆ ತಾವು ಬರೆದುಕೊಡುವುದಿಲ್ಲವೇ ಬುದ್ಧಿ ಎಂದು ಕೊಟ್ರಯ್ಯ ಸಣ್ಣ ದನಿಯಲ್ಲಿ ಕೇಳಿದ.

ಗುರುಗಳು ಪಕ್ಕದಲ್ಲಿದ್ದ ಬುತ್ತಿಯನ್ನು ಅವನ ಮುಂದಕ್ಕೆ ಸರಿಸಿದರು.

"ಬರೆಯೋಣ ತಮ್ಮಾ, ಮೊದಲು ಈ ಗಂಟು ಬಿಚ್ಚಿ ನಿಮ್ಮವ್ವ ಕಳಿಸಿದ ಮೊಸರಿಗೆ ಹೆಪ್ಪು ಯಾರ ಮನೆಯದೆಂದು ಹೇಳು."

ಕೊಟ್ರಯ್ಯನ ಕೈ ಗಂಟಿನವರೆಗೆ ಹೋಗಿ ಅಲ್ಲೇ ನಿಂತಿತು.