ಪರದೇಶಿ ಏರಿಯ ಎರಡು ಕಲ್ಲುಗುಡ್ಡೆಗಳು

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ, ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿಯಷ್ಟು ದೂರದಲ್ಲಿ ಹೊಂಬಳಗೆರೆ ಎಂಬ ಊರಿದೆ. ಊರ ಮುಂದಿನ ಕೆರೆಗೆ ಕಾಗದಪತ್ರಗಳಲ್ಲಿ ಊರಿನ ಹೆಸರೇ ಇದ್ದರೂ ಅದರ ಏರಿಯನ್ನು ಸುತ್ತಲಿನ ಹಳ್ಳಿಗಳವರೆಲ್ಲ ಪರದೇಶಿ ಏರಿ ಎಂದೇ ಕರೆಯುತ್ತಾರೆ. ತೂಬಿನ ಕಲ್ಲುಕಂಬಗಳಿಂದ ಇಪ್ಪತ್ತೆರಡು ಹೆಜ್ಜೆ ಪೂರ್ವಕ್ಕೆ ನಡೆದರೆ ಏರಿಯ ಮೇಲೆ ಎರಡು ಕಲ್ಲುಗುಡ್ಡೆಗಳು ಸಿಗುತ್ತವೆ. ಒಂದು ಆಳೆತ್ತರ, ಇನ್ನೊಂದು ಸೊಂಟದೆತ್ತರ. ಎರಡರ ನಡುವೆ ಏರಿಯ ಮೈಯಲ್ಲಿ ಮೊಣಕಾಲುದ್ದದ ಒಂದು ಕಚ್ಚು ಇದೆ. ಅದನ್ನು ಮುಚ್ಚಿಸಲು ಬಂದ ಓವರ್ಸಿಯರಿಗೆ ಊರ ಹೆಂಗಸರು, "ಅದು ಅಂಗೇ ಇರ್ಲಿ ಸ್ವಾಮಿ, ಅದ್ರಲ್ಲಿ ನೀರೇನೂ ಓಗಕ್ಕಿಲ್ಲ" ಎಂದು ಹೇಳಿ ವಾಪಸು ಕಳಿಸಿದ್ದುಂಟು. ಅಲ್ಲಿ ವಿಗ್ರಹವಿಲ್ಲ, ಪೂಜೆಯಿಲ್ಲ. ದಾರಿಹೋಕರು ತಲೆಯ ಹೊರೆ ಇಳಿಸಿ, ಒಂದೊಂದು ಗುಡ್ಡೆಗೆ ಒಂದೊಂದು ಕಲ್ಲು ಹಾಕಿ, ಮತ್ತೆ ಹೊರೆ ಹೊತ್ತು ನಡೆಯುತ್ತಾರೆ.

ಹಿಂದೆ ಒಮ್ಮೆ, ಮೈಸೂರು ಸೀಮೆಯ ಮೇಲೆ ಇಂಗ್ಲಿಷರ ಕುಂಪಣಿಯ ದಂಡು ಏರಿ ಬಂದ ಕಾಲದಲ್ಲಿ, ಈ ಕೆರೆಯ ತೂಬು ಚಿಕ್ಕೀರವ್ವ ಎಂಬ ಹೆಂಗಸಿನ ಕೈಯಲ್ಲಿತ್ತಂತೆ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಕೆಲಸ ಅವಳ ಗಂಡನದು. ಅವನನ್ನು ಫಿರಂಗಿ ಎಳೆಯಲು ಹಿಡಿದುಕೊಂಡು ಹೋದವರು ತಿರುಗಿ ಕಳಿಸಿರಲಿಲ್ಲ. ಎರಡು ವರ್ಷ ದಾರಿ ನೋಡಿ, ಅವಳು ಅವನ ಗುದ್ದಲಿಯನ್ನು ತಾನೇ ಹೆಗಲಿಗೆ ಹಾಕಿಕೊಂಡಳು. ಆ ಕಾರ್ತಿಕದಲ್ಲಿ ಭತ್ತ ಆಗಷ್ಟೇ ಹೊಡೆ ಬಿಟ್ಟಿತ್ತು. ಇನ್ನೊಂದು ತಿಂಗಳು ನೀರು ನಿಂತರೆ ಊರಿಗೆ ಅನ್ನ, ಇಲ್ಲದಿದ್ದರೆ ಇಲ್ಲ. ಅಂಥ ಹೊತ್ತಿನಲ್ಲಿ ಹನ್ನೆರಡು ಜನ ಬಿಳಿಯ ಸಿಪಾಯಿಗಳೂ ನಲವತ್ತು ಜನ ಗುದ್ದಲಿಯಾಳುಗಳೂ ಏರಿಯ ಮೇಲೆ ಬಂದು ಕೂತರು. ಕುಂಪಣಿಯ ದಂಡು ಕಣ್ಣಿಗೆ ಬಿದ್ದ ಕೂಡಲೇ ಏರಿ ಒಡೆಯಬೇಕು, ಅವರ ಎತ್ತುಗಳಿಗೆ ಒಂದು ಗುಟುಕು ನೀರೂ ಸಿಗಬಾರದು ಎಂದು ಠಾಣೆಯ ಕಿಲ್ಲೇದಾರನ ಅಪ್ಪಣೆಯಾಗಿತ್ತು.

ಆ ಸಿಪಾಯಿಗಳು ಮೈಸೂರಿನ ಚಾಕರಿಯಲ್ಲಿದ್ದ ಫ್ರೆಂಚ್ ತುಕಡಿಯವರು. ಅವರ ನಾಯಕ ಕಾರ್ಮಕ್ ಎಂಬ ನರೆತ ಕೆಂಗಡ್ಡದವನು, ಐವತ್ತೈದು ದಾಟಿದವನು. ಇಪ್ಪತ್ತು ವರ್ಷ ಈ ಸೀಮೆಯಲ್ಲಿ ಅಲೆದು ಕನ್ನಡ ಕಲಿತಿದ್ದ. ಚಿಕ್ಕೀರವ್ವ ಅವನನ್ನು ಫ್ರೆಂಚನೆಂದೇ ತಿಳಿದಿದ್ದಳು. ಅಲ್ಲವಂತೆ. ಇಂಗ್ಲೆಂಡಿನ ಪಕ್ಕದಲ್ಲಿ ಐರ್ಲೆಂಡ್ ಎಂಬ ನಡುಗಡ್ಡೆ ಇದೆ, ನೂರು ವರ್ಷದ ಹಿಂದೆ ನಮ್ಮವರು ಅಲ್ಲಿ ಇಂಗ್ಲಿಷರೆದುರು ಸೋತು, ಎಷ್ಟೋ ಜನ ಹೆಂಡಿರು ಮಕ್ಕಳನ್ನೂ ದಡದಲ್ಲಿ ಬಿಟ್ಟು, ಸಾವಿರಗಟ್ಟಲೆ ಹಡಗು ಹತ್ತಿದರು, ಅಂದಿನಿಂದ ಯಾವ ದೊರೆ ಕರೆದರೆ ಅವನ ಪರವಾಗಿ ಬಡಿದಾಡುತ್ತಿದ್ದೇವೆ ಎಂದು ಅವನು ಹೇಳಿದ. ಅವನ ಅಜ್ಜ ಅಜ್ಜಿಯೊಡನೆ ಹಡಗು ಹತ್ತಿದವನು, ಅಪ್ಪ ಹುಟ್ಟಿದ್ದು ದಂಡಿನಲ್ಲಿ, ಇವನು ಹುಟ್ಟಿದ್ದೂ ದಂಡಿನಲ್ಲೇ. ಅಜ್ಜಿಯ ಮಡಿಲಲ್ಲಿ ಕಲಿತ ಆ ನಾಡಿನ ಮಾತೊಂದು ಬಿಟ್ಟರೆ ಅಲ್ಲಿಯದೇನೂ ಅವನ ಬಳಿ ಇರಲಿಲ್ಲ.

"ನೂರು ವರ್ಸದಿಂದ ಕಂಡೋರ ಜಗಳಕ್ಕೆ ಓಗಿ ಸಾಯ್ತಾ ಇದ್ದೀರಾ? ಸಾಕು ಅನ್ನಿಸ್ನಿಲ್ವಾ ನಿಮ್ಗೆ?" ಎಂದಳು ಚಿಕ್ಕೀರವ್ವ.

"ಸಾಕು ಅಂದರೆ ಹೋಗೋದೆಲ್ಲಿಗಮ್ಮ?" ಎಂದನಂತೆ ಅವನು.

"ಎಲ್ಲಿಗಾರಾ ಓಗು. ಏರಿ ಮುಟ್ಟಬ್ಯಾಡ ಅಷ್ಟೇಯ. ನಿಮ್ಮಜ್ಜ ಬಿಟ್ಟು ಬಂದ ಊರ್ನಾಗೂ ಕೆರೆ ಗಿರೆ ಇತ್ತೋ ಇಲ್ವೋ?"

ಸಿಪಾಯಿಗಳು ಬಂದ ನಾಲ್ಕನೆಯ ದಿನ ಬೆಳಗ್ಗೆ ಕೋಡಿಯ ಆಚೆಯ ದಿಬ್ಬದ ಮೇಲೆ ಕುಂಪಣಿಯವರ ಕೆಂಪು ಅಂಗಿಗಳು ಕಂಡವು. ನೀರು ಹುಡುಕಿಕೊಂಡು ಬಂದ ಮುಂಗಡ ದಳ, ಮೂವತ್ತು ಜನ. ಜೊತೆಗೆ ಮೂಳೆ ಕಾಣುವ ಎತ್ತುಗಳ ಮಂದೆ. ಕಾರ್ಮಕ್ ಕೈ ಎತ್ತಿದ, ಗುದ್ದಲಿಗಳು ಏರಿಗೆ ಬಿದ್ದವು. ಎರಡೂ ಕಡೆಯಿಂದ ಗುಂಡು ಹಾರಿದವು. ನೀರಿಗೆ ಎಲ್ಲರಿಗಿಂತ ಮುಂದೆ ಓಡಿ ಬಂದಿದ್ದ ಒಬ್ಬ ಕೆಂಪು ಅಂಗಿಯವನು ಏರಿಯ ಮೇಲೇ ಉರುಳಿಬಿದ್ದ. ಇಪ್ಪತ್ತೈದರ ಆಸುಪಾಸಿನ ಗಂಡಸು. ಬಿದ್ದವನು ಏನೋ ಕೂಗಿದ. ಅದನ್ನು ಕೇಳಿದ ಕಾರ್ಮಕ್ ಬಂದೂಕು ಕೆಳಗಿಟ್ಟು ಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅದನ್ನು ಕಂಡು ಎರಡೂ ಕಡೆ ಗುಂಡು ನಿಂತಿತು. ನೀರು ಕೇಳುತ್ತಿದ್ದಾನೆ, ನಮ್ಮಜ್ಜಿಯ ಮಾತಿನಲ್ಲಿ ಕೇಳುತ್ತಿದ್ದಾನೆ ಎಂದು ಯಾರಿಗೆಂದಿಲ್ಲದೆ ಹೇಳಿದನಂತೆ. ಚಿಕ್ಕೀರವ್ವ ಬೊಗಸೆಯಲ್ಲಿ ಕೆರೆಯ ನೀರು ತಂದು ಬಾಯಿಗೆ ಬಿಟ್ಟಳು. ಎರಡು ಗುಟುಕು ಇಳಿಯಿತು, ಮೂರನೆಯದು ಇಳಿಯಲಿಲ್ಲ.

ಹೊಂಬಳಗೆರೆಯಲ್ಲಿ ಹಿಂದಿನಿಂದ ಒಂದು ಕಟ್ಟಳೆ ಇತ್ತು. ಏರಿಯ ಮೇಲೆ ಯಾರೇ ಸತ್ತರೂ, ದಿಕ್ಕಿಲ್ಲದವರಾದರೂ, ನೀರುಗಂಟಿಯ ಮನೆಯ ಹೆಂಗಸು ಅವರನ್ನು ಹಾಡಿಕೊಂಡು ಅಳಬೇಕು. ಅಳದಿದ್ದರೆ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ ಎಂಬ ನಂಬಿಕೆ. ಅಳು ಮುಗಿಯುವ ತನಕ ಅಲ್ಲಿ ಯಾರೂ ಗುದ್ದಲಿ ಎತ್ತುವಂತಿಲ್ಲ. ಗುದ್ದಲಿಯಾಳುಗಳೂ ಇದೇ ಸೀಮೆಯವರು, ಚಿಕ್ಕೀರವ್ವ ಹೆಣದ ಪಕ್ಕ ಕೂತು ಕೂದಲು ಬಿಚ್ಚಿದ್ದನ್ನು ಕಂಡದ್ದೇ ಗುದ್ದಲಿ ಕೆಳಗಿಟ್ಟರು. ಅಷ್ಟರಲ್ಲಿ ಏರಿಯನ್ನು ಮೊಣಕಾಲುದ್ದ ಕಡಿದಾಗಿತ್ತು. ಆದರೆ ಹಾಡಿ ಅಳಬೇಕಾದರೆ ಸತ್ತವನ ಹೆಸರು ಬೇಕು, ತಾಯಿಯ ಹೆಸರು ಬೇಕು, ಊರು ಬೇಕು. ಅವಳಿಗೆ ಇನ್ನೇನೂ ಹೊಳೆಯಲಿಲ್ಲ. ಎದ್ದು ನಿಂತು, ಬಂದೂಕು ಹಿಡಿದು ಕೂತಿದ್ದ ಶತ್ರುಗಳ ಕಡೆಗೇ ಬಾಯಿ ಮಾಡಿ ಕೂಗಿದಳು: "ಯಾರ ಮಗ್ನಪ್ಪಾ ಇವ್ನು? ಯಾವೂರು?"

ಆ ಕಡೆಯವರು ಪಿಳಿಪಿಳಿ ನೋಡಿದರು. ಆಗ ಕಾರ್ಮಕ್ ಅದೇ ಪ್ರಶ್ನೆಯನ್ನು ಅಜ್ಜಿಯ ಮಾತಿನಲ್ಲಿ ಕೂಗಿದ. ಆಮೇಲೆ ಆಚೆಯಿಂದ ಒಬ್ಬ ಎದ್ದ, ಇನ್ನೊಬ್ಬ ಎದ್ದ. ತೈಗ್ ಅವನ ಹೆಸರು, ತಾಯಿ ಮೋರಾ, ಷಾನನ್ ಎಂಬ ಹೊಳೆಯ ದಂಡೆಯ ಊರು ಎಂದು ಉತ್ತರ ಬಂತು. ಅವರಲ್ಲಿ ಮುಕ್ಕಾಲು ಪಾಲು ಆ ನಡುಗಡ್ಡೆಯವರೇ ಆಗಿದ್ದರು. ಕಾರ್ಮಕನ ಅಜ್ಜ ಹಡಗು ಹತ್ತಿದಾಗ ಊರಲ್ಲೇ ಉಳಿದವರ ಮರಿಮಕ್ಕಳು, ಉಳಲು ಹೊಲವಿಲ್ಲದೆ, ಹಸಿವು ತಾಳದೆ ತಮ್ಮನ್ನು ಸೋಲಿಸಿದವರ ಅಂಗಿಯನ್ನೇ ತೊಟ್ಟು ಬಂದವರು.

"ಹೊಳೆ ದಂಡೆ ಬಿಟ್ಟು ಬಂದ್ಯಲ್ಲೋ ಮೋರವ್ವನ ಮಗನೇ, ನಮ್ಮ ಕೆರೆ ನೀರಿಗೆ ಬಾಯಾರಿ ಬಂದ್ಯಲ್ಲೋ" ಎಂದು ಚಿಕ್ಕೀರವ್ವ ಹಾಡು ಎತ್ತಿಕೊಂಡಳು. ಬಾರದ ಗಂಡನಿಗೆಂದು ಎರಡು ವರ್ಷ ತಡೆದಿದ್ದ ಅಳುವೂ ಅದರಲ್ಲೇ ಹರಿಯಿತು. ಆ ನಾಡಿನಲ್ಲೂ ಹೆಂಗಸರು ಹೀಗೆಯೇ ಹಾಡಿ ಅಳುತ್ತಾರಂತೆ. ಕೆಂಪು ಅಂಗಿಯವರು ಬಂದೂಕು ದಿಬ್ಬದಲ್ಲೇ ಬಿಟ್ಟು ಬರಿಗೈಯಲ್ಲಿ ಬಂದರು. ಅವನನ್ನು ಅಲ್ಲೇ ಮಣ್ಣು ಮಾಡಿ, ತಮ್ಮ ಕಡೆಯ ವಾಡಿಕೆಯಂತೆ ಒಬ್ಬೊಬ್ಬರು ಒಂದೊಂದು ಕಲ್ಲು ಇಟ್ಟರು. ಕಾರ್ಮಕನ ಹನ್ನೆರಡು ಜನರೂ ಇಟ್ಟರು. ಎತ್ತುಗಳು ನೀರು ಕುಡಿದವು. ಚಿಕ್ಕೀರವ್ವ ಅಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗುದ್ದಲಿ ಏಳುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ಕಾರ್ಮಕನಿಗೂ ಗೊತ್ತಿತ್ತು. ಅವಳ ದನಿ ಬಿದ್ದುಹೋದಾಗ ಅವನೇ ತಂಬಿಗೆಯಲ್ಲಿ ಮಜ್ಜಿಗೆ ತರಿಸಿ ಕೊಟ್ಟು, "ಇನ್ನೂ ಸ್ವಲ್ಪ ಅಳಮ್ಮ" ಎಂದನಂತೆ. ಮೂರು ದಿನ ಅತ್ತಳು ಎನ್ನುವವರಿದ್ದಾರೆ. ಎರಡೇ ದಿನ ಎಂಬುದು ನೀರುಗಂಟಿಯ ಮನೆತನದವರ ಮಾತು, ಅದೇ ನಂಬತಕ್ಕದ್ದು. ಅಷ್ಟರಲ್ಲಿ ಕುಂಪಣಿಯ ದೊಡ್ಡ ದಂಡು ಬೇರೆ ದಾರಿ ಹಿಡಿದ ಸುದ್ದಿ ಬಂತು. ಕೆಂಪು ಅಂಗಿಯವರು ಎತ್ತುಗಳನ್ನು ಹೊಡೆದುಕೊಂಡು ಹೊರಟುಹೋದರು. ಏರಿ ಉಳಿಯಿತು.

ಹಿಂದೆಯೇ ಕಿಲ್ಲೇದಾರನ ಕರೆ ಬಂತು. ಅಪ್ಪಣೆ ಮೀರಿದವನಿಗೆ ಏನು ಕಾದಿದೆ ಎಂದು ಕೇಳಬೇಕಾಗಿರಲಿಲ್ಲ. "ಆ ಕಡೆಯೋರ ಜೊತೇಲೇ ಓಗಬೋದಿತ್ತಲ್ಲಪ್ಪಾ" ಎಂದಳು ಚಿಕ್ಕೀರವ್ವ. "ಅದೂ ಇನ್ನೊಂದು ದಂಡೇ ತಾನೆ" ಎಂದು ಅವನು ಕುದುರೆಗೆ ಜೀನು ಬಿಗಿದ. ಹತ್ತುವ ಮುಂಚೆ ತಿರುಗಿ ನೋಡಿ, "ನನಗೂ ಒಂದು ಸಲ ಅಳುತ್ತೀಯಾ?" ಎಂದು ಕೇಳಿದ.

"ಅಳ್ತೀನಿ. ತಾಯಿ ಎಸ್ರು ಏಳು, ಊರು ಏಳು."

ತಾಯಿಯ ಹೆಸರು ಹೇಳಿದ. ಊರು ಹೇಳಲು ಬಾಯಿ ತೆರೆದವನು ಹಾಗೆಯೇ ನಿಂತ. ಅಜ್ಜ ಬಿಟ್ಟುಬಂದ ಊರಿನ ಹೆಸರನ್ನು ಅಪ್ಪ ಒಂದು ಥರ ಹೇಳುತ್ತಿದ್ದ, ಅಜ್ಜಿ ಇನ್ನೊಂದು ಥರ. ಯಾವುದು ಸರಿಯೋ ಅವನಿಗೆ ತಿಳಿಯದು. ತಾನು ಹುಟ್ಟಿದ್ದು ಡೇರೆಯಲ್ಲಿ. ಚಿಕ್ಕೀರವ್ವ, "ಓಗ್ಲಿ ಬಿಡು, ಅದ್ನ ನಾನು ನೋಡ್ಕತೀನಿ" ಎಂದಳು.

ಹನ್ನೊಂದನೆಯ ದಿನ ಅವನ ಕುದುರೆಯ ಚಾಕರಿಯವನು ಸುದ್ದಿ ತಂದ. ಚಿಕ್ಕೀರವ್ವ ಕಚ್ಚಿನ ಆಚೆ ಬದಿಯಲ್ಲಿ ಒಂದು ಕಲ್ಲಿಟ್ಟು, ಕೂತು, ಮೊದಲಿನಿಂದ ಎತ್ತಿಕೊಂಡಳು. ಊರು ಬರುವ ಕಡೆಯಲ್ಲಿ ಅವಳು ಎಳ್ಳಷ್ಟೂ ತಡವರಿಸಲಿಲ್ಲ ಎನ್ನುತ್ತಾರೆ: "ಹೊಂಬಳಗೆರೆ ಮಗನೇ, ಏರಿ ಕಾಯ್ದ ಮಗನೇ."

ಭತ್ತ ಆ ವರ್ಷ ಮನೆ ಸೇರಿತು. ದಂಡುಗಳು ಮತ್ತೆ ಬಂದವು, ಹೋದವು. ಇಂದು ಏರಿಯ ಮೇಲೆ ಬೈಕು, ಟ್ರ್ಯಾಕ್ಟರ್ ಓಡಾಡುತ್ತವೆ. ನೋಡಲು ಬಂದವರು ದೊಡ್ಡ ಗುಡ್ಡೆಯ ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಚಿಕ್ಕ ಗುಡ್ಡೆಯ ಅಡಿ ಯಾರೂ ಇಲ್ಲ. ಹುಲ್ಲುಹೊರೆ ಇಳಿಸಿ ಸುಧಾರಿಸಿಕೊಳ್ಳುವ ಹೆಂಗಸರು ದೊಡ್ಡದಕ್ಕೆ ಮಾತಿಲ್ಲದೆ ಕಲ್ಲು ಹಾಕುತ್ತಾರೆ. ಚಿಕ್ಕದಕ್ಕೆ ಹಾಕುವಾಗ ಮಾತ್ರ, ಮರೆತವನಿಗೆ ನೆನಪು ಮಾಡಿಕೊಡುವವರ ಹಾಗೆ, ಮೆಲ್ಲನೆ ತಮ್ಮ ಊರಿನ ಹೆಸರು ಹೇಳುತ್ತಾರೆ.