ದಡ್ಡರ ಕಲ್ಲು ಹತ್ತಿದ ಅಳಿಲು

ಊರಿನ ಶಾಲೆಯ ಬೇಲಿಗೆ ಅಂಟಿಕೊಂಡಂತಿದ್ದ ಒಂದು ಕಾಡಿನಲ್ಲಿ ನರಿಯೊಂದು ಇಂಗ್ಲಿಷ್ ಪಾಠ ಹೇಳುತ್ತಿತ್ತು. ಊರಿನ ಮಕ್ಕಳೆಲ್ಲ ಇಂಗ್ಲಿಷ್ ಕಲಿಯುವಾಗ ನಮ್ಮ ಮರಿಗಳೇನು ಪಾಪ ಮಾಡಿವೆ ಎಂದು ಕಾಡಿನ ಅಪ್ಪ ಅಮ್ಮಂದಿರಿಗೂ ಅನ್ನಿಸಿತ್ತು. ಪಾಠಕ್ಕೆ ಬರುವ ಮರಿ ಮೇಷ್ಟ್ರಿಗೆ ಒಂದು ಹಣ್ಣನ್ನೋ ಏಡಿಯನ್ನೋ ತರಬೇಕಿತ್ತು. ನರಿಯ ಹೊಟ್ಟೆ ದಿನದಿನಕ್ಕೆ ಉಬ್ಬಿತು.

ನಿಜ ಹೇಳಬೇಕೆಂದರೆ ಆ ನರಿಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲ. ಬಿಸಿಯೂಟದ ಮಿಕ್ಕ ಅನ್ನ ತಿನ್ನಲು ಶಾಲೆಯ ಹಿತ್ತಲಿಗೆ ಹೋದಾಗ ಕಿಟಕಿಯಿಂದ ಬೋರ್ಡು ನೋಡಿ ನಾಲ್ಕು ಸಾಲು ಕಲಿತುಕೊಂಡಿತ್ತು, ಅಷ್ಟೇ. ಅದಕ್ಕೆ ಪ್ರಶ್ನೆಗಳೆಂದರೆ ಭಯ. ಹಾಗಾಗಿ ಮರದ ಕೆಳಗಿದ್ದ ಒಂದು ಬಂಡೆಗೆ 'ದಡ್ಡರ ಕಲ್ಲು' ಎಂದು ಹೆಸರಿಟ್ಟಿತು. ಪ್ರಶ್ನೆ ಕೇಳಿದವರು ಅದರ ಮೇಲೆ ನಿಲ್ಲಬೇಕು. ಉಳಿದವರು "ಅಷ್ಟೂ ಗೊತ್ತಿಲ್ವಾ!" ಎಂದು ಕೂಗಿ ನಗಬೇಕು. ಪಾಠ ಮುಗಿದ ಮೇಲೆ ನರಿ "ಅರ್ಥ ಆಯ್ತಾ?" ಎನ್ನುತ್ತಿತ್ತು. ಮರಿಗಳೆಲ್ಲ ಒಂದೇ ರಾಗದಲ್ಲಿ "ಆಯ್ತು ಮೇಷ್ಟ್ರೇ!" ಎನ್ನುತ್ತಿದ್ದವು. ಯಾರಿಗೂ ಏನೂ ಅರ್ಥ ಆಗಿರಲಿಲ್ಲ.

ಒಂದು ದಿನ ಬೋಗುಣಿ ಎಂಬ ಆಮೆಮರಿ ಮೆಲ್ಲಗೆ ಕೇಳಿತು. "ಮೇಷ್ಟ್ರೇ, ನೀವು ಬರೆಯೋ ಸಾಲಲ್ಲಿ ಕೆಲವು ಚುಕ್ಕಿಗೆ ಬಾಲ ಇದೆ, ಕೆಲವಕ್ಕೆ ಇಲ್ಲ. ಯಾವುದನ್ನ ಯಾವಾಗ ಹಾಕ್ಬೇಕು?"

"ಕಲ್ಲು ಹತ್ತು!" ಎಂದಿತು ನರಿ.

ಪಾಪ, ಬೋಗುಣಿ ತೆವಳುತ್ತ ಹತ್ತಿತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅದರ ಗೆಳತಿ, ಅಳಿಲು ಚಿಣಕಿ. ಚಿಣಕಿಗೂ ಉತ್ತರ ಗೊತ್ತಿರಲಿಲ್ಲ. ಅದು ಯಾರಿಗೂ ತಿಳಿಯಬಾರದೆಂದೇ ಅಷ್ಟು ಜೋರಾಗಿ ನಕ್ಕಿತ್ತು.

ಬೋಗುಣಿ ಒಮ್ಮೆ ಚಿಣಕಿಯ ಕಡೆ ನೋಡಿತು. ಆಮೇಲೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಮತ್ತೆ ಹೊರಗೆ ಹಾಕಲೇ ಇಲ್ಲ. ಅಮ್ಮ ಅದನ್ನು ಮನೆಗೆ ತಳ್ಳಿಕೊಂಡು ಹೋಗಿ ಎಳೆ ಸೊಪ್ಪು ತಂದಿಟ್ಟು ಕರೆದಳು. "ಒಂದೇ ಒಂದು ತುತ್ತು ತಿನ್ನೋ ನನ್ನಪ್ಪಾ" ಎಂದು ಬೇಡಿಕೊಂಡಳು. ಸೊಪ್ಪು ಅಲ್ಲೇ ಬಾಡಿತು. ಹೀಗೇ ಆದರೆ ಮಗು ಉಳಿಯುವುದಿಲ್ಲ ಎಂದು ಅವಳು ಅಳತೊಡಗಿದಳು.

ಮರದ ಮೇಲಿಂದ ನೋಡುತ್ತಿದ್ದ ಚಿಣಕಿ ತಿನ್ನುತ್ತಿದ್ದ ಕಾಯಿಯನ್ನು ಬಿಟ್ಟುಹಾಕಿತು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಕೆಳಗಿಳಿದು ಚಿಪ್ಪಿಗೆ ಬಾಯಿ ಹಚ್ಚಿ ಹೇಳಿತು. "ಬೋಗುಣಿ, ನಂಗೂ ಗೊತ್ತಿರ್ಲಿಲ್ಲ ಕಣೋ."

ಒಳಗಿನಿಂದ ಸಣ್ಣ ದನಿ ಬಂತು. "ಮತ್ಯಾಕೆ ನಕ್ಕೆ?"

ಚಿಣಕಿ ಬಾಲದಲ್ಲಿ ಮುಖ ಮುಚ್ಚಿಕೊಂಡು ಓಡಿಹೋಯಿತು.

ಮರುದಿನ ನರಿ ಬರುವಷ್ಟರಲ್ಲಿ ಚಿಣಕಿ ದಡ್ಡರ ಕಲ್ಲಿನ ಮೇಲೆ ನಿಂತಿತ್ತು.

"ಏನೇ ಇದು?" ನರಿ ಗದರಿತು.

"ಶಿಕ್ಷೆ ಮೊದ್ಲೇ ತಗೊಂಡಿದ್ದೀನಿ ಮೇಷ್ಟ್ರೇ. ಬೋಗುಣಿ ಕೇಳಿದ್ದು ನಂಗೂ ಗೊತ್ತಿಲ್ಲ. ಈಗ ಉತ್ತರ ಹೇಳಿ."

"ಎಲ್ಲರೂ ನಗ್ರೋ!" ಎಂದಿತು ನರಿ.

ಯಾರೂ ನಗಲಿಲ್ಲ. ಮೊಲದ ಮರಿ ಎದ್ದು, "ನಂಗೂ ಗೊತ್ತಿಲ್ಲ" ಎನ್ನುತ್ತ ಕಲ್ಲು ಹತ್ತಿತು. ಹಿಂದೆಯೇ ಮುಂಗುಸಿ ಮರಿ ಹತ್ತಿತು. ಮುಳ್ಳುಹಂದಿ ಮರಿ ಹತ್ತಿದಾಗ ಎಲ್ಲರೂ ಅಯ್ಯಯ್ಯೋ ಎಂದು ಸರಿದು ಜಾಗ ಬಿಟ್ಟರು. ಕಲ್ಲು ತುಂಬಿತು. ಎದುರಿಗೆ ನರಿ ಒಂಟಿಯಾಗಿ ನಿಂತಿತ್ತು.

"ಅದು... ಮಳೆಗಾಲದಲ್ಲಿ ಚುಕ್ಕಿಗೆ ಬಾಲ ಬರುತ್ತೆ. ಬೇಸಿಗೇಲಿ ಉದುರುತ್ತೆ" ಎಂದಿತು ನರಿ.

"ಮೊನ್ನೆ ಒಂದೇ ಸಾಲಲ್ಲಿ ಎರಡೂ ಬರೆದಿದ್ರಲ್ಲ ಮೇಷ್ಟ್ರೇ?" ಎಂದಿತು ಮೊಲದ ಮರಿ.

ನರಿಯ ಕಿವಿ ಜೋತುಬಿದ್ದವು. ಕೊನೆಗೆ ನೆಲ ನೋಡುತ್ತ, "ನಂಗೂ ಗೊತ್ತಿಲ್ಲ ಮಕ್ಕಳೇ" ಎಂದಿತು. ತಾನು ಕಲಿಸಿಕೊಟ್ಟ ನಗೆ ಈಗ ತನ್ನ ಮೇಲೆ ಬೀಳುತ್ತದೆಂದು ಕಾದಿತು. ಆದರೆ ಮರಿಗಳು ಸುಮ್ಮನೆ ನೋಡುತ್ತಿದ್ದವು. ಆ ನೋಟ ತಡೆಯಲಾರದೆ ನರಿ ಬಾಲ ಮುದುರಿಕೊಂಡು ಪೊದೆಯೊಳಗೆ ನುಸುಳಿತು. ಹಣ್ಣು, ಏಡಿ ಅಂದಿಗೇ ನಿಂತವು.

ಉತ್ತರ ಹುಡುಕುತ್ತ ಚಿಣಕಿ ಶಾಲೆಯ ಬೇಲಿ ಹತ್ತಿ ಕುಳಿತಿತು. ಒಳಗೆ ಒಬ್ಬ ಹುಡುಗಿ ಕೈಯೆತ್ತಿ ಅದೇ ಪ್ರಶ್ನೆ ಕೇಳಿದಳು! ಯಾರೂ ನಗಲಿಲ್ಲ. "ಒಳ್ಳೇ ಪ್ರಶ್ನೆ ಕಣಮ್ಮ" ಎಂದರು ಟೀಚರು. "ಮಾತು ಮುಗಿದ್ರೆ ಬರೀ ಚುಕ್ಕಿ. ಸ್ವಲ್ಪ ತಡೆದು ಮುಂದೆ ಹೋಗೋದಿದ್ರೆ ಬಾಲದ ಚುಕ್ಕಿ. ಸದ್ಯಕ್ಕೆ ಇಷ್ಟು ಸಾಕು."

ಇಷ್ಟೇನಾ! ಇಷ್ಟಕ್ಕೆ ಗೆಳೆಯನನ್ನು ನೋಯಿಸಿದೆನಲ್ಲ ಎಂದು ಚಿಣಕಿಗೆ ಇನ್ನಷ್ಟು ನಾಚಿಕೆಯಾಯಿತು. ಬೇಲಿಯ ಕೆಳಗೆ ಎರಡು ಕಿವಿ ಕಂಡವು. ನರಿ ಅಡಗಿ ಕುಳಿತು ಪಾಠ ಕೇಳುತ್ತಿತ್ತು. ಈ ಸಲ ಚಿಣಕಿ ನಗಲಿಲ್ಲ. ಕಂಡೂ ಕಾಣದಂತೆ ಇಳಿದು, ಮರಿಗಳನ್ನೆಲ್ಲ ಕರೆದುಕೊಂಡು ಬೋಗುಣಿಯ ಬಳಿ ಓಡಿತು.

"ಅವತ್ತು ನಾನು ನಕ್ಕಿದ್ದು ತಪ್ಪು ಕಣೋ" ಎಂದು ಎಲ್ಲರೆದುರೇ ಹೇಳಿ, ಉತ್ತರವನ್ನೂ ಹೇಳಿತು.

ಚಿಪ್ಪು ತುಸು ಅಲುಗಿತು. ಮೊದಲು ಮೂಗು ಬಂತು. ಆಮೇಲೆ ಕಣ್ಣು.

"ಇನ್ನೊಂದು ಪ್ರಶ್ನೆ ಇದೆ. ಕೇಳ್ಲಾ?"

"ಕೇಳೋ" ಎಂದವು ಎಲ್ಲ ಮರಿಗಳು.

ಬೋಗುಣಿ ಕತ್ತನ್ನು ಪೂರ್ತಿ ಹೊರಗೆ ಚಾಚಿ ಕೇಳಿತು. ಅದರ ಅಮ್ಮ ಹೊಸ ಸೊಪ್ಪು ತರಲು ಓಡಿದಳು.

ನೀತಿ: ಗೊತ್ತಿಲ್ಲದ್ದನ್ನು ಕೇಳುವುದು ನಾಚಿಕೆಯಲ್ಲ; ಕೇಳಿದವರನ್ನು ನೋಡಿ ನಗುವುದು ನಾಚಿಕೆಗೇಡು.