ಮರಿಗಳ ಪಾಲು

ಟೊಳ್ಳು ಮರದ ಜೇನುಗೂಡಿನಲ್ಲಿ ಹೊಸ ಹೂವಿನ ಕಾಲ ಬಂದಾಗಲೆಲ್ಲ ತುಪ್ಪದ ಪಾಲನ್ನು ಹೊಸದಾಗಿ ಗೊತ್ತುಮಾಡುತ್ತಿದ್ದರು. ಹೋದ ಕಾಲದಲ್ಲಿ ಯಾವುದಕ್ಕೆ ಹೆದರಿದ್ದರೋ ಅದನ್ನು ತಡೆಯುವ ಕೆಲಸಕ್ಕೆ ಹೆಚ್ಚು ಪಾಲು ಕೊಡುವುದು ಅಲ್ಲಿನ ರೂಢಿ. ಮರಿಗಳಿಗೆ ಉಣಿಸುವ ದಾದಿ ಜೇನು ಆ ದಿನ ಬಂತೆಂದರೆ ಮರಿಗಳ ಕೋಣೆಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು.

ಮಾವಿನ ಹೂವಿನ ಕಾಲದಲ್ಲಿ ಕಡಜವೊಂದು ಒಳಗೆ ನುಗ್ಗಿತ್ತು. ಹಾಗಾಗಿ ಹೊಂಗೆ ಹೂ ಬಿಟ್ಟಾಗ ಮರಿಗಳ ಪಾಲಿನಲ್ಲಿ ಅರ್ಧ ಕಾವಲಿಗೆ ಹೋಯಿತು. ಆ ಸಲ ಸೆಕೆಗೆ ಮೇಣದ ಕೋಣೆಗಳ ಎರಿ ಕರಗಿ ಜೋತುಬಿತ್ತು. ಹುಣಸೆ ಹೂ ಬಿಟ್ಟಾಗ ಉಳಿದುದರಲ್ಲಿ ಅರ್ಧ ರಿಪೇರಿಗೆ ಹೋಯಿತು. ಕಡಜ ಮತ್ತೆ ಬರಲಿಲ್ಲ. ಕಾವಲಿನ ಪಾಲೂ ಇಳಿಯಲಿಲ್ಲ.

“ಪ್ರತಿ ಸಲವೂ ನನ್ನ ಕೂಸುಗಳ ಬಾಯಿಂದಲೇ ಯಾಕವ್ವ ಕೀಳುತ್ತೀರಿ?” ಎಂದು ದಾದಿ, ಪಾಲು ಹಂಚುವ ಹಿರಿಯಳನ್ನು ಕೇಳಿದಳು.

“ಕಾವಲಿನವರದು ಮುಟ್ಟಿದರೆ ಕುಟುಕುತ್ತಾರೆ. ಎರಿ ಕಟ್ಟುವವರದು ಮುಟ್ಟಿದರೆ ಕೆಲಸ ನಿಲ್ಲಿಸುತ್ತಾರೆ. ನಿನ್ನ ಮರಿಗಳು ಒಂದು ದಿನವಾದರೂ ಗಲಾಟೆ ಮಾಡಿವೆಯೇ?”

“ಅವಕ್ಕಿನ್ನೂ ರೆಕ್ಕೆಯೇ ಬಂದಿಲ್ಲ.”

“ಬರಲಿ. ಬಂದ ಮೇಲೆ ಅವೇ ಬಂದು ಕೇಳಲಿ.”

ದಾದಿ ಒಳಗೆ ಹೋಗಿ ಇದ್ದುದನ್ನು ಹನಿಹನಿಯಾಗಿ ಹಂಚಿದಳು. ಸಾಲದಾದಾಗ ತನ್ನ ಪಾಲನ್ನೂ ಹಾಕಿದಳು. ಆದರೂ ದಿನಕ್ಕೊಂದು ಸಾಲಿನ ಮರಿಗಳು ಅಲುಗಾಡುವುದನ್ನು ನಿಲ್ಲಿಸಿದವು.

ಮಳೆ ಹಿಡಿಯುವ ಹೊತ್ತಿಗೆ ಕಾವಲಿನವರಿಗೆಲ್ಲ ಮುಪ್ಪು ಬಂತು. ಹಿರಿಯಳು ತಾನೇ ಒಳಗೆ ಬಂದಳು. “ಬಾಗಿಲು ಕಾಯಲು ನಿನ್ನ ಮರಿಗಳಲ್ಲಿ ಬೆಳೆದವರನ್ನು ಕಳಿಸವ್ವ. ಈ ಸಲ ನೀನು ಕೇಳಿದಷ್ಟು ಪಾಲು ಕೊಡುತ್ತೇನೆ.”

ದಾದಿ ಕೂತಲ್ಲಿಂದ ಏಳಲಿಲ್ಲ. ಸಾಲುಸಾಲು ಖಾಲಿ ಕೋಣೆಗಳನ್ನು ತೋರಿಸಿ, “ಕೊಡು. ಯಾರಿಗೆ ಉಣಿಸಲಿ?” ಎಂದಳು.